ಕುರಿಮರಿಯ ಮೊದಲ ತಿಂಗಳು: ಜೀವಸತ್ವ ಮತ್ತು ಮಾಂಸದ ಗುಣ

ಚನ್ನರಾಯನದುರ್ಗದ ಬೆಟ್ಟಗಳ ಬುಡದಲ್ಲಿ ಮಾರ್ಚ್-ಏಪ್ರಿಲ್ ತಿಂಗಳಿನಲ್ಲಿ ಮಂದೆ ಮೇಯಿಸಿದವರಿಗೆ ಆ ದಿನಗಳ ಕಷ್ಟವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹುಲ್ಲು ಒಣಗಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಕೆರೆಯಂಗಳದಲ್ಲಿಯೂ ಹಸಿರು ಇರುವುದಿಲ್ಲ. ಅಕ್ಟೋಬರ್-ನವೆಂಬರಿನಲ್ಲಿ ಗಬ್ಬವಾದ ಕುರಿಗಳು ಈಯುವುದು ಇದೇ ಸಮಯದಲ್ಲಿ. ಹುಟ್ಟಿದ ಮರಿ ಬಡಕಲಾಗಿರುತ್ತದೆ, ತಾಯಿಯ ಕೆಚ್ಚಲು ಸೊರಗಿರುತ್ತದೆ. ಆಗ ನಮ್ಮ ರೈತರು ಔಷಧಿ ಅಂಗಡಿಗೆ ಹೋಗಿ ಜೀವಸತ್ವದ ಸೀಸೆಯೊಂದನ್ನು ತರುತ್ತಾರೆ. ಮರಿ ಬದುಕಬೇಕು, ಮೈಗೂಡಬೇಕು, ಅಕ್ಕಿರಾಂಪುರದ ಸಂತೆಯಲ್ಲಿ ವ್ಯಾಪಾರಿ ಅದರ ಬೆನ್ನನ್ನು ಹಿಡಿದು ನೋಡಿದಾಗ ಕೈಗೆ ಮಾಂಸ ಸಿಗಬೇಕು ಎಂಬುದೇ ಅವರ ಆಸೆ.

ಈ ಆಸೆ ನ್ಯಾಯವಾದುದೇ. ಆದರೆ ಆ ಸೀಸೆಗೆ ಕೊಟ್ಟ ಹಣ ಕೆಲವೊಮ್ಮೆ ಫಲ ಕೊಡುತ್ತದೆ, ಹಲವು ಬಾರಿ ವ್ಯರ್ಥವಾಗುತ್ತದೆ, ಅಪರೂಪಕ್ಕೆ ಮರಿಗೆ ಕೇಡನ್ನೂ ಮಾಡುತ್ತದೆ. ಯಾವ ಜೀವಸತ್ವವನ್ನು ಯಾವ ವಯಸ್ಸಿನಲ್ಲಿ, ಎಷ್ಟು, ಯಾವ ಮೂಲದಿಂದ ಕೊಡಬೇಕು ಎಂಬುದನ್ನು ತಿಳಿದರೆ ಹಣವೂ ಉಳಿಯುತ್ತದೆ, ಮರಿಯೂ ಉಳಿಯುತ್ತದೆ.

ಮಾಂಸ ಎಲ್ಲಿ ಆರಂಭವಾಗುತ್ತದೆ?

ಮಾಂಸವೆಂದರೆ ಸ್ನಾಯುವಿನ ಎಳೆಗಳು ಮತ್ತು ಅವುಗಳ ನಡುವೆ ಹರಡಿದ ನೆಣ. ಕುರಿಯಲ್ಲಿ ಸ್ನಾಯುವಿನ ಎಳೆಗಳ ಸಂಖ್ಯೆ ಹುಟ್ಟುವ ವೇಳೆಗೆ ಬಹುಮಟ್ಟಿಗೆ ನಿಶ್ಚಿತವಾಗಿಬಿಡುತ್ತದೆ. ಆಮೇಲೆ ಎಳೆಗಳು ದಪ್ಪವಾಗುತ್ತವೆಯೇ ಹೊರತು ಲೆಕ್ಕದಲ್ಲಿ ಹೆಚ್ಚುವುದಿಲ್ಲ. ಎಳೆಗಳ ನಡುವೆ ಸಣ್ಣ ಗೆರೆಗಳಂತೆ ಕೂಡುವ ನೆಣವೇ ಮಾಂಸಕ್ಕೆ ರಸವನ್ನೂ ರುಚಿಯನ್ನೂ ಕೊಡುವಂಥದು. ಅದನ್ನು ತುಂಬಿಕೊಳ್ಳುವ ಕಣಗಳು ಗರ್ಭದ ಕೊನೆಯ ಭಾಗದಲ್ಲಿ ಮತ್ತು ಹುಟ್ಟಿದ ಮೊದಲ ತಿಂಗಳುಗಳಲ್ಲಿ ಹೆಚ್ಚಾಗಿ ರೂಪುಗೊಳ್ಳುತ್ತವೆ. ಆದುದರಿಂದ ಎಂಟು ತಿಂಗಳ ಟಗರಿನ ಮಾಂಸದ ಗುಣಕ್ಕೆ ಅಡಿಪಾಯ ಬೀಳುವುದು ಅದು ರೊಪ್ಪದಲ್ಲಿ ಹಾಲು ಕುಡಿಯುತ್ತಿರುವಾಗಲೇ.

‘ಎ’ ಜೀವಸತ್ವದ ಕೆಲಸ

ಎಳೆಯ ಪ್ರಾಣಿಯ ದೇಹದಲ್ಲಿ ‘ಎ’ ಜೀವಸತ್ವವು ಹೊಸ ರಕ್ತನಾಳಗಳ ಬೆಳವಣಿಗೆಗೂ ಕಣಗಳು ಸ್ನಾಯು ಅಥವಾ ನೆಣದ ದಾರಿ ಹಿಡಿಯುವುದಕ್ಕೂ ನೆರವಾಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾನಿಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಂಗಸ್ ತಳಿಯ ಕರುಗಳಿಗೆ ಹುಟ್ಟಿದಾಗ ಮತ್ತು ಒಂದು ತಿಂಗಳಾದಾಗ ‘ಎ’ ಜೀವಸತ್ವದ ಚುಚ್ಚುಮದ್ದು ಕೊಡಲಾಯಿತು. ಕರುಗಳ ಬೆಳವಣಿಗೆಯೂ ಮಾಂಸದೊಳಗಿನ ನೆಣವೂ ಹೆಚ್ಚಿದುದು ಕಂಡುಬಂದಿತು. ಚೀನಾದಲ್ಲಿ ಹುಟ್ಟಿದ ಕುರಿಮರಿಗಳ ಮೇಲೆ ನಡೆದ ಪ್ರಯೋಗದಲ್ಲಿಯೂ ಸ್ನಾಯುವಿನ ಬೆಳವಣಿಗೆ ಉತ್ತಮಗೊಂಡಿತು.

ಇದೇ ಜೀವಸತ್ವ ಕೊಬ್ಬಿಸುವ ವಯಸ್ಸಿನಲ್ಲಿ ಹೆಚ್ಚಾದರೆ ಫಲ ತಿರುವುಮುರುವಾಗುತ್ತದೆ. ಜಪಾನಿನ ವಾಗ್ಯು ದನಗಳನ್ನು ಕೊಬ್ಬಿಸುವಾಗ ಮಾಂಸದೊಳಗೆ ನೆಣ ಕೂಡಲೆಂದು ಆಹಾರದಲ್ಲಿ ‘ಎ’ ಜೀವಸತ್ವವನ್ನು ಬೇಕೆಂದೇ ಕಡಿಮೆ ಮಾಡುತ್ತಾರೆ. ಹೆಚ್ಚು ಕಡಿಮೆಯಾದರೆ ಪ್ರಾಣಿ ಕುರುಡಾಗುವ ಅಪಾಯವಿರುವುದರಿಂದ ಅದು ನಾವು ಅನುಸರಿಸುವ ಕ್ರಮವಲ್ಲ. ಇಲ್ಲಿ ಕಲಿಯಬೇಕಾದ ಪಾಠ ಒಂದೇ: ಮಾಂಸದ ಗುಣಕ್ಕಾಗಿ ‘ಎ’ ಜೀವಸತ್ವ ಸಿಗಬೇಕಾದುದು ಮೊದಲ ತಿಂಗಳುಗಳಲ್ಲಿ. ಮಾರುವ ಮುನ್ನ ಟಗರಿಗೆ ಕುಡಿಸುವ ಸೀಸೆಯಿಂದ ಈ ಲಾಭ ದೊರೆಯುವುದಿಲ್ಲ.

ಮರಿಗೆ ಅದು ಎಲ್ಲಿಂದ ಸಿಗುತ್ತದೆ?

ತಾಯಿಯ ಗರ್ಭದಿಂದ ಮರಿಗೆ ದಾಟುವ ‘ಎ’ ಮತ್ತು ‘ಇ’ ಜೀವಸತ್ವಗಳು ಬಹಳ ಕಡಿಮೆ. ಎರಡರ ವಿಷಯದಲ್ಲಿಯೂ ಮರಿ ಬಡವನಾಗಿಯೇ ಹುಟ್ಟುತ್ತದೆ. ಅದರ ಮೊದಲ ಗಂಟು ಗಿಣ್ಣದ ಹಾಲು. ಆದರೆ ತಾಯಿ ತಿಂದ ಹಸಿರಿನಲ್ಲಿ ಇದ್ದಷ್ಟೇ ಗಿಣ್ಣದಲ್ಲಿ ಇಳಿಯುತ್ತದೆ. ಮುಂಗಾರು-ಹಿಂಗಾರಿನ ಹಸಿರು ಮೇಯ್ದ ಕುರಿ ಕೆಲವು ತಿಂಗಳಿಗಾಗುವಷ್ಟು ‘ಎ’ ಜೀವಸತ್ವವನ್ನು ಯಕೃತ್ತಿನಲ್ಲಿ ಕೂಡಿಟ್ಟಿರುತ್ತದೆ. ನವೆಂಬರ್-ಡಿಸೆಂಬರಿನಲ್ಲಿ ಈಯುವ ಕುರಿಯ ಗಿಣ್ಣ ಆದುದರಿಂದಲೇ ಸಮೃದ್ಧ. ಏಪ್ರಿಲ್ ತಿಂಗಳಿನಲ್ಲಿ ಈಯುವ ಕುರಿಯ ಕಣಜ ಬರಿದಾಗಿರುತ್ತದೆ. ಕೊರತೆ ಕಾಣುವುದು ಬೇಸಿಗೆಯ ಮರಿಗಳಲ್ಲಿ, ಅದರಲ್ಲಿಯೂ ಮಳೆ ಕೈಕೊಟ್ಟ ವರ್ಷಗಳಲ್ಲಿ.

ಲೆಕ್ಕ ಹಾಕಿ ನೋಡಿ

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1985ರಲ್ಲಿ ಪ್ರಕಟಿಸಿದ ಪಟ್ಟಿಯಂತೆ, ಗರ್ಭದ ಕೊನೆಯ ದಿನಗಳಲ್ಲಿರುವ ಕುರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 85 ಯೂನಿಟ್ ‘ಎ’ ಜೀವಸತ್ವ ಬೇಕು. 30 ಕಿಲೋ ತೂಗುವ ಕುರಿಗೆ 2,550 ಯೂನಿಟ್ ಆಯಿತು. ಹಸಿರು ಸೊಪ್ಪಿನಲ್ಲಿರುವ ಕೆರೋಟಿನ್ ಎಂಬ ವಸ್ತುವನ್ನು ಕುರಿಯೇ ‘ಎ’ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಇಷ್ಟಕ್ಕೆ 4 ಮಿಲಿಗ್ರಾಂ ಕೆರೋಟಿನ್ ಸಾಕು. ಕಾಲು ಕಿಲೋ ತಾಜಾ ಕುದುರೆ ಮಸಾಲೆ ಸೊಪ್ಪಿನಲ್ಲಿ ಇದಕ್ಕಿಂತ ಹೆಚ್ಚೇ ಇರುತ್ತದೆ.

ಬೆಳೆಯುವ ಮರಿಗೆ ಅದೇ ಪಟ್ಟಿಯಂತೆ ಕಿಲೋಗೆ 47 ಯೂನಿಟ್. 10 ಕಿಲೋ ಮರಿಗೆ ದಿನಕ್ಕೆ 470 ಯೂನಿಟ್ ಮಾತ್ರ. ಅಂಗಡಿಯಲ್ಲಿ ಸಿಗುವ ಕೆಲವು ಚುಚ್ಚುಮದ್ದುಗಳ ಒಂದೇ ಮಿಲಿಲೀಟರಿನಲ್ಲಿ ಲಕ್ಷಗಟ್ಟಲೆ ಯೂನಿಟ್ ಇರುತ್ತದೆ. ದನಕ್ಕೆ ತಂದ ಸೀಸೆಯಿಂದ ಅಂದಾಜಿನ ಮೇಲೆ ಮರಿಗೆ ಚುಚ್ಚುವುದು ಎಂಥ ದುಡುಕು ಎಂಬುದನ್ನು ನೀವೇ ಯೋಚಿಸಿ. ‘ಎ’ ಜೀವಸತ್ವ ಮೂತ್ರದಲ್ಲಿ ಹೊರಹೋಗುವಂಥದಲ್ಲ. ಅದು ಯಕೃತ್ತಿನಲ್ಲಿ ಕೂಡುತ್ತದೆ. ಮಿತಿಮೀರಿ, ಮತ್ತೆ ಮತ್ತೆ ಕೊಟ್ಟರೆ ವಿಷವಾಗಿ ಮೂಳೆಯ ಬೆಳವಣಿಗೆಯನ್ನೇ ಕೆಡಿಸುತ್ತದೆ.

‘ಇ’ ಜೀವಸತ್ವ: ಎರಡು ವಯಸ್ಸು, ಎರಡು ಲಾಭ

‘ಇ’ ಜೀವಸತ್ವವು ಎಳೆಯ ಮರಿಯಲ್ಲಿ ಸ್ನಾಯುವನ್ನು ಕಾಯುತ್ತದೆ. ಇದರ ಜೊತೆಗೆ ಸೆಲೆನಿಯಂ ಎಂಬ ಖನಿಜವೂ ಕೊರತೆಯಾದರೆ ಮರಿಯ ನಡಿಗೆ ಬಿರುಸಾಗುತ್ತದೆ, ಬೆನ್ನು ಬಾಗಿಸಿ ನಿಲ್ಲುತ್ತದೆ, ಹಿಂಗಾಲು ಸೋಲುತ್ತದೆ. ಇಂಥ ಮರಿಯ ಸ್ನಾಯು ಬೇಯಿಸಿದ ಮಾಂಸದಂತೆ ಬಿಳಿಚಿಕೊಂಡಿರುತ್ತದೆ. ಇದಕ್ಕೆ ಬಿಳಿ ಸ್ನಾಯು ರೋಗವೆಂದು ಹೆಸರು. ಲಕ್ಷಣ ಕಂಡ ಕೂಡಲೆ ಪಶುವೈದ್ಯರಿಗೆ ತೋರಿಸಿ. ಸೆಲೆನಿಯಂ ಸೇರಿದ ಚುಚ್ಚುಮದ್ದನ್ನು ಸ್ವಂತ ತೀರ್ಮಾನದಿಂದ ಕೊಡಬಾರದು. ಅದರಲ್ಲಿ ಔಷಧಕ್ಕೂ ವಿಷಕ್ಕೂ ಅಂತರ ಬಹಳ ಕಡಿಮೆ.

ಎಳೆತನದಲ್ಲಿ ಕೊಟ್ಟ ‘ಇ’ ಜೀವಸತ್ವ ಮಾರುವ ದಿನದವರೆಗೆ ದೇಹದಲ್ಲಿ ಉಳಿಯುವುದಿಲ್ಲ. ಕೊನೆಯ ಒಂದೆರಡು ತಿಂಗಳಿನಲ್ಲಿ ಸಿಕ್ಕಿದ್ದು ಮಾತ್ರ ಮಾಂಸದಲ್ಲಿದ್ದು, ಕೆಂಪು ಬಣ್ಣ ಬೇಗ ಕಂದಾಗದಂತೆಯೂ ನೆಣ ಕಮಟಾಗದಂತೆಯೂ ತಡೆಯುತ್ತದೆ. ಬೆಳಿಗ್ಗೆ ಕೊಯ್ದು ಮಧ್ಯಾಹ್ನದೊಳಗೆ ಮಾರಾಟವಾಗುವ ಮಾಂಸಕ್ಕೆ ಇದರಿಂದ ಹೆಚ್ಚಿನ ಲಾಭವಿಲ್ಲ. ತಂಪು ಪೆಟ್ಟಿಗೆಯಲ್ಲಿಟ್ಟು ದಿನಗಟ್ಟಲೆ ಮಾರುವ ಅಂಗಡಿಗಳಿಗೆ ಟಗರು ಕೊಡುವವರು ಮಾತ್ರ ಇದನ್ನು ಗಮನಿಸಬೇಕು. ಬರೀ ಒಣಮೇವು, ಹಿಂಡಿ, ಜೋಳದ ನುಚ್ಚಿನ ಮೇಲೆ ಕೊಬ್ಬಿಸುತ್ತಿದ್ದರೆ ಕೊನೆಯ ಎರಡು ತಿಂಗಳು ದಿನವೂ ಹಸಿರು ಸೊಪ್ಪು ಸೇರಿಸಿ.

ಉಳಿದವುಗಳ ಮಾತು

‘ಬಿ’ ಗುಂಪಿನ ಜೀವಸತ್ವಗಳನ್ನು ಮೆಲುಕು ಹಾಕುವ ಕುರಿಯ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೇ ತಯಾರಿಸುತ್ತವೆ. ಹಾಲು ಕುಡಿಯುವ ಮರಿಗೆ ಅವು ಹಾಲಿನಿಂದ ಸಿಗುತ್ತವೆ. ‘ಸಿ’ ಜೀವಸತ್ವವನ್ನು ಕುರಿ ತನ್ನ ಯಕೃತ್ತಿನಲ್ಲಿಯೇ ಮಾಡಿಕೊಳ್ಳುತ್ತದೆ. ‘ಡಿ’ ಜೀವಸತ್ವಕ್ಕೆ ನಮ್ಮ ಮಧುಗಿರಿ, ಸಿರಾ, ಪಾವಗಡದ ಬಿಸಿಲು ಸಾಕು. ಆರೋಗ್ಯವಾಗಿ ಮೇಯುತ್ತಿರುವ ಮಂದೆಗೆ ಇವುಗಳ ಸೀಸೆ ಕೊಳ್ಳುವುದು ದಂಡ.

ರೈತರು ಅನುಸರಿಸಬೇಕಾದ ಕ್ರಮ

1. ಗರ್ಭದ ಮರಿಯ ತೂಕದ ಮೂರನೆಯ ಎರಡು ಭಾಗ ಬೆಳೆಯುವುದು ಕೊನೆಯ ಆರು ವಾರಗಳಲ್ಲಿ. ಈ ಅವಧಿಯಲ್ಲಿ ಪ್ರತಿ ಕುರಿಗೆ ದಿನಕ್ಕೆ ಕಾಲರಿಂದ ಅರ್ಧ ಕಿಲೋ ಹಸಿರು ಸೊಪ್ಪು ಮತ್ತು 200 ಗ್ರಾಂ ಹಿಂಡಿ-ನುಚ್ಚಿನ ಮಿಶ್ರಣ ಕೊಡಿ. ಈದ ಮೇಲೆ ಒಂದು ತಿಂಗಳು ಇದನ್ನೇ ಮುಂದುವರಿಸಿ.

2. ಕೊಳವೆಬಾವಿ ಇರುವವರು ನಾಲ್ಕು ಗುಂಟೆಯಲ್ಲಿ ಕುದುರೆ ಮಸಾಲೆ ಅಥವಾ ಬೇಲಿ ಮಸಾಲೆ ಬೆಳೆಯಿರಿ. ನೀರಿನ ಅನುಕೂಲ ಕಡಿಮೆ ಇರುವವರು ಬದುವಿನ ಮೇಲೆ ಅಗಸೆ, ನುಗ್ಗೆ ನೆಡಿ. ಹಿಪ್ಪುನೇರಳೆ ಸೊಪ್ಪೂ ಒಳ್ಳೆಯದು. ಆದರೆ ಔಷಧಿ ಸಿಂಪಡಿಸಿದ ತೋಟದ ಸೊಪ್ಪನ್ನೂ ಸೋಂಕುನಿವಾರಕ ಪುಡಿ ಹಾಕಿದ ರೇಷ್ಮೆ ಹಾಸಿಗೆಯ ಉಳಿಕೆಯನ್ನೂ ಕೊಡಬಾರದು.

3. ಕಡಲೆಕಾಯಿ ಬಳ್ಳಿಯನ್ನು ದಿನಗಟ್ಟಲೆ ಬಿಸಿಲಿನಲ್ಲಿ ಬಿಡಬೇಡಿ. ಬಿಸಿಲು ಕೆರೋಟಿನ್ ಅನ್ನು ಸುಡುತ್ತದೆ. ನೆರಳಿನಲ್ಲಿ ಒಣಗಿಸಿ, ಮಳೆ ತಾಗದಂತೆ ಬಣವೆ ಹಾಕಿ. ಒಣಗಿದ ಮೇವಿನಲ್ಲಿ ಹಸಿರು ಬಣ್ಣ ಉಳಿದಷ್ಟೂ ಜೀವಸತ್ವ ಉಳಿದಿದೆ ಎಂದು ತಿಳಿಯಿರಿ.

4. ಹುಟ್ಟಿದ ಎರಡು ಗಂಟೆಯೊಳಗೆ ತೂಕದ ಪ್ರತಿ ಕಿಲೋಗೆ 50 ಮಿಲಿಲೀಟರ್, ಮೊದಲ ದಿನ ಒಟ್ಟು 200 ಮಿಲಿಲೀಟರ್ ಗಿಣ್ಣದ ಹಾಲು ಮರಿಯ ಹೊಟ್ಟೆ ಸೇರಬೇಕು. ಎರಡೂವರೆ ಕಿಲೋ ಮರಿಗೆ ದಿನಕ್ಕೆ ಅರ್ಧ ಲೀಟರ್ ಆಯಿತು. ತಾಯಿಯಲ್ಲಿ ಸಾಲದಿದ್ದರೆ ಅಂದೇ ಈದ ಬೇರೆ ಕುರಿಯದನ್ನು ಕುಡಿಸಿ. ಗಿಣ್ಣವನ್ನು ಹಿಂಡಿ ಮನೆಗೆ ಒಯ್ಯಬೇಡಿ.

5. ಎರಡನೆಯ ವಾರದಿಂದ ರೊಪ್ಪದ ಮೂಲೆಯಲ್ಲಿ ಎಳೆಯ ಸೊಪ್ಪಿನ ಕಟ್ಟೊಂದನ್ನು ಮರಿಗಳಿಗೆ ನಿಲುಕುವಂತೆ ತೂಗುಹಾಕಿ.

6. ಬರಗಾಲದಲ್ಲಿ ಹಸಿರು ಸಿಗದೆ ಈದ ಕುರಿಗಳ ಮರಿಗಳಿಗೆ ಮಾತ್ರ, ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ, ಮೊದಲ ವಾರದಲ್ಲಿಯೇ ಜೀವಸತ್ವ ಕೊಡಿಸಿ.

7. ಸಾಧ್ಯವಿದ್ದವರು ಜೂನ್-ಜುಲೈ ತಿಂಗಳಿನಲ್ಲಿ ಟಗರು ಬಿಡಿ. ಹಸಿರಿನ ಕಾಲದಲ್ಲಿ ತುಂಬಿಕೊಂಡ ತಾಯಿ ನವೆಂಬರ್-ಡಿಸೆಂಬರಿನಲ್ಲಿ ಈಯುತ್ತದೆ.

ಕೊನೆಯ ಮಾತು

ಜೀವಸತ್ವ ಹಾಲಿನ ಬದಲಿಗೆ ನಿಲ್ಲಲಾರದು. ಅದು ಕಣಕ್ಕೆ ದಾರಿ ತೋರಿಸುತ್ತದೆ, ಆದರೆ ಕಣ ಬೆಳೆಯಬೇಕಾದರೆ ಹಾಲು ಮತ್ತು ಮೇವು ಬೇಕು. ಹಸಿದ ತಾಯಿಯ ಮರಿಗೆ ಸೀಸೆಯ ಮದ್ದು ಹಾಕಿದರೆ ಬೀಜವಿಲ್ಲದ ಹೊಲಕ್ಕೆ ನೀರು ಹಾಯಿಸಿದಂತೆ. ಈ ವರ್ಷ ಬೇಸಿಗೆಗೆ ಮುಂಚೆ ನಿಮ್ಮ ಗಬ್ಬದ ಕುರಿಗಳನ್ನು ಎಣಿಸಿ, ತಲೆಗೆ ಕಾಲು ಕಿಲೋದಂತೆ ಸೊಪ್ಪಿನ ಲೆಕ್ಕ ಹಾಕಿ, ಅದಕ್ಕೆ ಬೇಕಾದಷ್ಟು ಮೇವನ್ನು ಮಳೆಗಾಲದಲ್ಲಿಯೇ ನೆಡಿ. ಮರಿಗೆ ಬೇಕಾದ ಜೀವಸತ್ವದ ಹೆಚ್ಚಿನ ಪಾಲು ನಿಮ್ಮ ಬದುವಿನ ಮೇಲೆಯೇ ಬೆಳೆಯಬಲ್ಲದು.