ಆಟಗಾರನ ಆಯ್ಕೆ

ಹುಳಿಯಾರಿನ ಪ್ರೌಢಶಾಲೆಯಲ್ಲಿ ಕಬಡ್ಡಿಯಾಡಿ ಹತ್ತನೆಯ ತರಗತಿ ಮುಗಿಸಿದ ಹುಡುಗನು ಊರಿನಲ್ಲಿಯೇ ಓದು ಮುಂದುವರಿಸಬಹುದು. ತಿಪಟೂರಿಗೋ ತುಮಕೂರಿಗೋ ಹೋಗಬಹುದು. ಬೆಂಗಳೂರಿನ ಹೆಸರಾಂತ ತಂಡವೊಂದು ಕರೆದರೆ ಅತ್ತ ನಡೆಯಬಹುದು. ಕಪಾಟಿನಲ್ಲಿ ಸಾಲುಗಟ್ಟಿದ ಪಾರಿತೋಷಕಗಳನ್ನು ಕಂಡು ಮನಸ್ಸು ಸೋಲುವುದು ಸಹಜ. ಆದರೆ ಕಬಡ್ಡಿ ತಂಡದ 12 ಮಂದಿಯಲ್ಲಿ ಅಂಕಣಕ್ಕಿಳಿಯುವವರು 7 ಮಂದಿ ಮಾತ್ರ. ಉಳಿದ ಐವರು ಹೊರಗೆ ಕುಳಿತು ಕಾಯಬೇಕು. ನುರಿತ ದಾಳಿಗಾರರು ಮೂವರಿರುವ ತಂಡದಲ್ಲಿ ಹೊಸ ದಾಳಿಗಾರನಿಗೆ ವರ್ಷವಿಡೀ ಕಾಯುವುದೇ ಆಟವಾದೀತು. ಮೂಲೆಯಲ್ಲಿ ನಿಂತು ಎದುರಾಳಿಯ ಕಾಲು ಹಿಡಿಯಬಲ್ಲವನಿಗೆ ಅದೇ ತಂಡದಲ್ಲಿ ಬೇಗನೆ ಸ್ಥಾನ ದೊರೆಯಬಹುದು. ಆದುದರಿಂದ ಜಾಣ ಆಟಗಾರನು, ಈ ವರ್ಷ ಓದು ಮುಗಿಸಿ ಆ ಕಾಲೇಜಿನಿಂದ ಹೊರಡುವವರು ಯಾರೆಂಬುದನ್ನು ಮೊದಲು ವಿಚಾರಿಸುತ್ತಾನೆ.

ಮನೆಯ ಲೆಕ್ಕ ಬೇರೆ. ಅಟ್ಟಕ್ಕೇರಿಸಿದ ತೆಂಗಿನಕಾಯಿ ಒಣಗಿ ಉಂಡೆ ಕೊಬ್ಬರಿಯಾಗಲು ವರ್ಷದ ಸಮೀಪ ಬೇಕು. ಕಾಲೇಜಿನ ಶುಲ್ಕವಾದರೋ ಅಷ್ಟು ದಿನ ಕಾಯದು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಿದ್ಯಾರ್ಥಿನಿಲಯಕ್ಕೆ ಆಯ್ಕೆಯಾದರೆ ಊಟ, ವಸತಿ, ತರಬೇತಿಗಳ ಹೊರೆ ತಂದೆಯ ಹೆಗಲಿನಿಂದ ಇಳಿಯುತ್ತದೆ. ಆದರೂ ತಾಯಿ ಕೇಳುವ ಪ್ರಶ್ನೆಯೊಂದುಂಟು: “ಕಾಲು ಮುರಿದುಕೊಂಡರೆ ಓದಿನ ಗತಿಯೇನಪ್ಪ?” ಇದಕ್ಕೆ ತರಬೇತುದಾರರ ಭರವಸೆಯೊಂದೇ ಸಾಲದು, ಗಾಯಗೊಂಡು ಆಟ ಬಿಟ್ಟ ಮೇಲೂ ಅಲ್ಲಿಯೇ ಓದುತ್ತಿರುವ ಹಿರಿಯ ವಿದ್ಯಾರ್ಥಿ ಒಬ್ಬನಾದರೂ ಇದ್ದಾನೆಯೇ ಎಂಬುದನ್ನು ಹೋಗಿ ನೋಡಬೇಕು.