ರಿಪೇರಿಯೋ, ಹೊಸದೋ? ಹೊಲಿಗೆ ಮಷಿನ್‌ನಿಂದ ಕಲಿತ ಸವಕಳಿಯ ಪಾಠ

ಲೆಕ್ಕಶಾಸ್ತ್ರದಲ್ಲಿ ಸವಕಳಿಯ ಅಧ್ಯಾಯ ಓದುವಾಗ ಕಾರ್ಖಾನೆಯ ಯಂತ್ರ, ಲಾರಿ, ಪೀಠೋಪಕರಣಗಳ ಉದಾಹರಣೆಗಳೇ ಹೆಚ್ಚು ಬರುತ್ತವೆ. ನಮ್ಮಲ್ಲಿ ಬಹಳ ಮಂದಿಯ ಮನೆಯಲ್ಲಿ ಲಾರಿ ಇಲ್ಲ, ಆದರೆ ಹೊಲಿಗೆ ಮಷಿನ್ ಇದೆ. ಅದರ ದುಡಿಮೆಯಿಂದಲೇ ಫೀಸು ಕಟ್ಟುವ ಮನೆಗಳೂ ಇವೆ. ಅದು ಹಳೆಯದಾಗಿ ಪದೇ ಪದೇ ನಿಲ್ಲತೊಡಗಿದರೆ ಒಬ್ಬರು, "ಇದಕ್ಕೆ ಇಷ್ಟು ದುಡ್ಡು ಹಾಕಿದ್ದೇವೆ, ಇನ್ನೊಂದು ಸಲ ಸರಿ ಮಾಡಿಸೋಣ" ಎನ್ನುತ್ತಾರೆ. ಇನ್ನೊಬ್ಬರು, "ಇದರ ಕಾಲ ಮುಗಿಯಿತು, ಮಾರಿಬಿಡಿ" ಎನ್ನುತ್ತಾರೆ. ಯಾರ ಮಾತು ಸರಿ ಎಂದು ತಿಳಿಯಲು ನಾವು ತರಗತಿಯಲ್ಲಿ ಕಲಿತದ್ದೇ ಸಾಕಾಗುತ್ತದೆ. ನಮ್ಮ ಮನೆಯ ಮಷಿನ್ ಅನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ಮೊದಲು ಪುಸ್ತಕದ ಲೆಕ್ಕ

ನಮ್ಮ ಅಮ್ಮಿ ಹೊಲಿಯುವ ಮಷಿನ್ ಅನ್ನು 2010ರಲ್ಲಿ ನಾನಿ ಕೊಡಿಸಿದರು. ಆಗಿನ ಬೆಲೆ ₹4,500. ಬಾಳಿಕೆ 14 ವರ್ಷ, ಕೊನೆಯ ಗುಜರಿ ಬೆಲೆ ₹300 ಎಂದು ಇಟ್ಟುಕೊಳ್ಳೋಣ. ಸ್ಥಿರ ಕಂತಿನ ಪದ್ಧತಿಯಲ್ಲಿ ₹4,500ರಿಂದ ₹300 ಕಳೆದು 14ರಿಂದ ಭಾಗಿಸಿದರೆ ವರ್ಷಕ್ಕೆ ₹300 ಸವಕಳಿ ಬರುತ್ತದೆ. 2024ಕ್ಕೆ ಅದರ ಪುಸ್ತಕ ಮೌಲ್ಯ ₹300 ಮಾತ್ರ.

ಆದರೂ ಆ ಮಷಿನ್ ಬ್ಲೌಸ್, ಸಲ್ವಾರ್, ಶಾಲೆಯ ಯೂನಿಫಾರಂ ಎಲ್ಲವನ್ನೂ ಹೊಲಿಯುತ್ತಲೇ ಇತ್ತು. ಪುಸ್ತಕ ಮೌಲ್ಯವು ನಾವು ಕೊಟ್ಟ ಬೆಲೆಯಲ್ಲಿ ಎಷ್ಟು ಭಾಗವನ್ನು ಖರ್ಚಾಗಿ ಬರೆದಿದ್ದೇವೆ ಎಂದು ಹೇಳುತ್ತದೆ. ಮುಂದೆ ಮಷಿನ್ ಎಷ್ಟು ದುಡಿಯುತ್ತದೆ ಎಂಬುದು ಅದರಲ್ಲಿ ಇರುವುದಿಲ್ಲ. ಆದ್ದರಿಂದ "ಸವಕಳಿ ಮುಗಿದಿದೆ, ಮಾರೋಣ" ಎಂಬ ವಾದ ನಿಲ್ಲುವುದಿಲ್ಲ.

ಹೋದ ಹಣ ಯಾವುದು?

ಇನ್ನೊಂದು ಕಡೆಯ ವಾದವನ್ನೂ ನೋಡೋಣ. ಎರಡು ವರ್ಷದ ಹಿಂದೆ ನಾವು ಷಟಲ್ ಬದಲಾಯಿಸಲು ₹1,100 ಕೊಟ್ಟಿದ್ದೆವು. ಈಗ ಮಷಿನ್ ಇಟ್ಟುಕೊಂಡರೂ ಆ ಹಣ ಬರುವುದಿಲ್ಲ, ಮಾರಿದರೂ ಬರುವುದಿಲ್ಲ. ಇದನ್ನು ಮುಳುಗಿದ ವೆಚ್ಚ ಎನ್ನುತ್ತಾರೆ. ಮುಂದಿನ ತೀರ್ಮಾನದಲ್ಲಿ ಇದನ್ನು ಸೇರಿಸಬಾರದು.

ಆದರೆ ಹಿಂದೆ ಖರ್ಚು ಮಾಡಿದ್ದೆಲ್ಲ ಮುಳುಗಿದ ವೆಚ್ಚವಲ್ಲ. ಹೋದ ವರ್ಷ ಕಾಲಿನಿಂದ ತುಳಿಯುವ ಕಷ್ಟ ತಪ್ಪಲಿ ಎಂದು ₹1,800ಕ್ಕೆ ಮೋಟಾರ್ ಹಾಕಿಸಿದೆವು. ಈ ಮೋಟಾರನ್ನು ಬಿಚ್ಚಿ ಬೇರೆ ಮಷಿನ್‌ಗೆ ಕೂರಿಸಬಹುದು. ಅದು ಇನ್ನೂ ಕೈಯಲ್ಲಿರುವ ಆಸ್ತಿ. ಕೆಲಸದ ಸಾಮರ್ಥ್ಯ ಹೆಚ್ಚಿಸಿದ್ದರಿಂದ ಅದು ಬಂಡವಾಳ ವೆಚ್ಚ. ಸೂಜಿ, ಎಣ್ಣೆ, ಬೆಲ್ಟ್‌ಗೆ ಕೊಡುವುದು ಕಂದಾಯ ವೆಚ್ಚ.

ಕೆಟ್ಟಿರುವುದು ಏನು?

ಲೆಕ್ಕ ಹಾಕುವ ಮೊದಲು ದೋಷ ಎಲ್ಲಿದೆ ಎಂದು ತಿಳಿಯಬೇಕು. ಹೊಲಿಗೆ ಮಷಿನ್ ಎರಡು ದಾರಗಳಿಂದ ಹೊಲಿಯುತ್ತದೆ. ಮೇಲಿನ ದಾರ ಸೂಜಿಯಲ್ಲಿ ಕೆಳಗಿಳಿಯುತ್ತದೆ. ಸೂಜಿ ಮೇಲೇಳುವಾಗ ದಾರದ ಒಂದು ಕುಣಿಕೆ ಉಳಿಯುತ್ತದೆ. ಷಟಲ್‌ನ ಮೊನೆ ಆ ಕುಣಿಕೆಯನ್ನು ಹಿಡಿದು ಬಾಬಿನ್ ದಾರದ ಸುತ್ತ ತಿರುಗಿಸುತ್ತದೆ. ಸೂಜಿಯೂ ಷಟಲ್ ಮೊನೆಯೂ ಸರಿಯಾದ ಗಳಿಗೆಯಲ್ಲಿ ಸಂಧಿಸದಿದ್ದರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ.

ಇದಕ್ಕೆ ಕಾರಣ ಚಿಕ್ಕದೂ ಇರಬಹುದು, ದೊಡ್ಡದೂ ಇರಬಹುದು. ಮೊದಲು ಮನೆಯಲ್ಲೇ ಇಷ್ಟು ನೋಡಬೇಕು:

1. ಹೊಸ ಸೂಜಿ ಹಾಕಿ. ಬಾಗಿದ ಅಥವಾ ಮೊಂಡಾದ ಸೂಜಿಯಿಂದಲೂ ಹೊಲಿಗೆ ಬಿಡುತ್ತದೆ. ತೆಳು ಬಟ್ಟೆಗೆ 11, ಸಾಮಾನ್ಯ ಬಟ್ಟೆಗೆ 14, ದಪ್ಪ ಬಟ್ಟೆಗೆ 16ನೇ ನಂಬರಿನ ಸೂಜಿ.
2. ಷಟಲ್ ಮತ್ತು ಹಲ್ಲುಗಳ ಸಂದಿನಲ್ಲಿ ಸೇರಿದ ದಾರ, ಧೂಳು ತೆಗೆದು, ಮಷಿನ್ ಎಣ್ಣೆಯನ್ನೇ ಬಿಡಿ. ಅಡುಗೆ ಎಣ್ಣೆ ಒಣಗಿ ಅಂಟಾಗುತ್ತದೆ.
3. ಬೆಲ್ಟ್ ಸಡಿಲವಾಗಿದೆಯೇ, ಬಾಬಿನ್ ಕೇಸಿನ ಸ್ಪ್ರಿಂಗ್ ದಾರವನ್ನು ಹಿಡಿಯುತ್ತಿದೆಯೇ ನೋಡಿ.
4. ಸೂಜಿ ಕಟ್ಟುವ ಕಂಬಿಯನ್ನು ಬೆರಳಲ್ಲಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಚಕ್ರವನ್ನೂ ಹಾಗೆಯೇ ಅಲ್ಲಾಡಿಸಿ. ಎದ್ದು ಕಾಣುವಷ್ಟು ಆಟ ಇದ್ದರೆ ಒಳಗಿನ ಬುಷ್ ಸವೆದಿದೆ.

ಮೊದಲ ಮೂರರಲ್ಲಿ ದೋಷ ಸಿಕ್ಕಿದರೆ ಹೊಸ ಮಷಿನ್ ಮಾತೇ ಬೇಡ. ನಾಲ್ಕನೆಯದಿದ್ದರೆ ಪೆನ್ನು ಕಾಗದ ತೆಗೆದುಕೊಳ್ಳಬೇಕು. ನಮ್ಮ ಮಷಿನ್‌ನಲ್ಲಿ ಇದ್ದದ್ದು ನಾಲ್ಕನೆಯದು. ಷಟಲ್ ಮತ್ತೆ ಸವೆದಿತ್ತು. ಬುಷ್ ಸಡಿಲವಾಗಿದ್ದರಿಂದ ಹೊಸ ಷಟಲ್ ಕೂಡ ಬೇಗ ಸವೆಯುತ್ತದೆ ಎಂದು ರಿಪೇರಿಯವರು ಹೇಳಿದರು.

ನಿಂತ ದಿನಗಳಿಗೂ ಬೆಲೆ ಇದೆ

ಅಮ್ಮಿ ಅಳತೆ ಬರೆದುಕೊಳ್ಳುವ ಪುಸ್ತಕದಲ್ಲಿ ಬಟ್ಟೆ ಕೊಟ್ಟ ದಿನ, ಹಿಂದಿರುಗಿಸಿದ ದಿನ, ಕೂಲಿ ಎಲ್ಲ ಇರುತ್ತದೆ. ಅದನ್ನು ನೋಡಿದಾಗ ಹಿಂದಿನ ಒಂದು ವರ್ಷದಲ್ಲಿ ಮಷಿನ್ 5 ದಿನ ನಿಂತಿದ್ದು ತಿಳಿಯಿತು. ದಾರ, ಗುಂಡಿ, ಕರೆಂಟಿನ ಖರ್ಚು ಕಳೆದು ಅಮ್ಮಿಯ ದಿನದ ದುಡಿಮೆ ಸರಾಸರಿ ₹300. ಐದು ದಿನಕ್ಕೆ ₹1,500 ಆಯಿತು. ಈ ಹಣ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ, ಆದರೆ ಮನೆಗೆ ಬರಬೇಕಾದದ್ದು ಬರಲಿಲ್ಲ.

ಈಗ ನಮಗೆ ಸಿಕ್ಕ ದರಗಳಲ್ಲಿ ಮೂರು ದಾರಿಗಳ ವಾರ್ಷಿಕ ವೆಚ್ಚ ಹಾಕೋಣ. ಮೂರನೆಯ ದಾರಿ ಅನೇಕರಿಗೆ ಹೊಳೆಯುವುದಿಲ್ಲ. ಸ್ಟ್ಯಾಂಡ್ ಗಟ್ಟಿಯಾಗಿದ್ದರೆ ಅದನ್ನು ಉಳಿಸಿಕೊಂಡು ಮೇಲಿನ ಹೆಡ್ ಮಾತ್ರ ಹೊಸದು ತರಬಹುದು.

ಒಂದು, ರಿಪೇರಿ: ಬಿಲ್ ₹1,800. ಮೂರು ವರ್ಷ ಬಂದರೆ ವರ್ಷಕ್ಕೆ ₹600. ಚಿಲ್ಲರೆ ಖರ್ಚು ₹400. ನಿಲ್ಲುವ 5 ದಿನಕ್ಕೆ ₹1,500. ಒಟ್ಟು ₹2,500.

ಎರಡು, ಪೂರ್ತಿ ಹೊಸದು: ಬೆಲೆ ₹9,600. ಹಳೆಯದಕ್ಕೆ ₹600 ಕಳೆದು ₹9,000. 15 ವರ್ಷಕ್ಕೆ ಹಂಚಿದರೆ ₹600. ಚಿಲ್ಲರೆ ಖರ್ಚು ₹200. ನಿಲ್ಲುವುದು ಒಂದು ದಿನ ಎಂದುಕೊಂಡರೆ ₹300. ಒಟ್ಟು ₹1,100.

ಮೂರು, ಹೆಡ್ ಮಾತ್ರ: ಬೆಲೆ ₹6,400. ಹಳೆಯ ಹೆಡ್‌ಗೆ ₹400 ಕಳೆದು ₹6,000. ಹಳೆಯ ಸ್ಟ್ಯಾಂಡ್ ಆದ್ದರಿಂದ 12 ವರ್ಷ ಎಂದು ಹಿಡಿದರೆ ವರ್ಷಕ್ಕೆ ₹500. ಚಿಲ್ಲರೆ ಖರ್ಚು ₹200, ಒಂದು ದಿನದ ₹300. ಒಟ್ಟು ₹1,000.

ನಿಂತ ದಿನಗಳನ್ನು ಬಿಟ್ಟು ನೋಡಿದರೆ ಇವು ಕ್ರಮವಾಗಿ ₹1,000, ₹800, ₹700. ರಿಪೇರಿಗೂ ಹೆಡ್‌ಗೂ ವ್ಯತ್ಯಾಸ ಬರೀ ₹300. ನಿಂತ ದಿನಗಳನ್ನು ಸೇರಿಸಿದ ಮೇಲೆ ವ್ಯತ್ಯಾಸ ₹1,500. ರಂಜಾನ್ ಹಬ್ಬದ ಹಿಂದಿನ ವಾರದಲ್ಲೋ ಜೂನ್‌ನ ಯೂನಿಫಾರಂ ಸಮಯದಲ್ಲೋ ನಿಂತರೆ ನಷ್ಟ ಇನ್ನೂ ಹೆಚ್ಚು. ಹಬ್ಬದ ಬಟ್ಟೆ ಚಾಂದ್ ರಾತ್ರಿಗೆ ಸಿಗದಿದ್ದರೆ ಗಿರಾಕಿ ಮುಂದಿನ ಸಲ ಬೇರೆ ಮನೆಗೆ ಹೋಗುತ್ತಾರೆ.

ಇದೇ ಮಷಿನ್ ಬರೀ ಮನೆಯ ಬಟ್ಟೆ ಹೊಲಿಯಲು ಇದ್ದಿದ್ದರೆ ಉತ್ತರ ಬದಲಾಗುತ್ತಿತ್ತು. ಅಲ್ಲಿ ಕೆಲಸ ಕಡಿಮೆ. ₹600ರ ಸಣ್ಣ ರಿಪೇರಿ ಮೂರು ವರ್ಷ ಬಂದರೆ ವರ್ಷಕ್ಕೆ ₹200, ಚಿಲ್ಲರೆ ಖರ್ಚು ₹200, ಒಟ್ಟು ₹400. ಮಷಿನ್ ವಾರಗಟ್ಟಲೆ ನಿಂತರೂ ದುಡಿಮೆ ಹೋಗುವುದಿಲ್ಲ. ಅಂಥ ಮನೆಗೆ ರಿಪೇರಿಯೇ ಸರಿ. ಆದ್ದರಿಂದ ಪಕ್ಕದ ಮನೆಯವರು ಏನು ಮಾಡಿದರು ಎಂದು ನೋಡಿ ತೀರ್ಮಾನಿಸಬಾರದು. ನಮ್ಮ ಮಷಿನ್ ನಿಂತರೆ ನಮಗೆ ದಿನಕ್ಕೆ ಎಷ್ಟು ಹೋಗುತ್ತದೆ ಎಂದು ಕೇಳಿಕೊಳ್ಳಬೇಕು.

ಲೆಕ್ಕ ಸರಿ, ದುಡ್ಡು ಎಲ್ಲಿ?

ವಾರ್ಷಿಕ ವೆಚ್ಚ ಕಡಿಮೆ ಇದ್ದ ಮಾತ್ರಕ್ಕೆ ಕೈಯಲ್ಲಿ ₹6,000 ಇರುವುದಿಲ್ಲ. ನಮ್ಮಲ್ಲಿ ₹8,000 ಇತ್ತು, ಆದರೆ ಅದು ಜೂನ್‌ನಲ್ಲಿ ತಂಗಿಯ ಪ್ರವೇಶಕ್ಕೆ ಇಟ್ಟದ್ದು. ಅದನ್ನು ಮಷಿನ್‌ಗೆ ಹಾಕಿದರೆ ಅವಳ ಪ್ರವೇಶ ತಪ್ಪುತ್ತದೆ. ಒಂದನ್ನು ಆರಿಸಿ ಬಿಟ್ಟುಕೊಡುವ ಇನ್ನೊಂದರ ಬೆಲೆಯೇ ಅವಕಾಶ ವೆಚ್ಚ. ಈ ಪದದ ಅರ್ಥ ನನಗೆ ಅಲ್ಲಿ ಚೆನ್ನಾಗಿ ತಿಳಿಯಿತು. ಆ ಹಣವನ್ನು ಮುಟ್ಟಬಾರದು ಎಂದು ಅಮ್ಮಿ ಮೊದಲೇ ಹೇಳಿದ್ದರು.

ಕಂತಿನ ದಾರಿಯೂ ಇತ್ತು. ತಿಂಗಳಿಗೆ ₹600ರಂತೆ 12 ಕಂತು ಎಂದರೆ ₹7,200. ನಗದು ಬೆಲೆಗಿಂತ ₹800 ಹೆಚ್ಚು. ಹೊಲಿಗೆ ಮಷಿನ್‌ಗೂ ಕಂತಿಗೂ ನಂಟು ಹಳೆಯದು. ಐಸಾಕ್ ಸಿಂಗರ್ 1851ರಲ್ಲಿ ಅಮೆರಿಕದಲ್ಲಿ ತಮ್ಮ ಮಷಿನ್‌ಗೆ ಪೇಟೆಂಟ್ ಪಡೆದರು. ಅವರ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಕಂತಿನ ಮಾರಾಟ ಶುರು ಮಾಡಿದರು. ಹಳೆಯ ಮಷಿನ್ ತಂದುಕೊಟ್ಟವರಿಗೆ ಹೊಸದರ ಬೆಲೆಯಲ್ಲಿ ರಿಯಾಯಿತಿ ಕೊಡುವ ಪದ್ಧತಿಯನ್ನೂ ಅವರು ತಂದರು. ಇಂದಿನ ಎಕ್ಸ್‌ಚೇಂಜ್ ಆಫರ್ ಇದೇ. ನಮ್ಮ ದೇಶದಲ್ಲಿ 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಮಷಿನ್ ತಯಾರಿಕೆ ಆರಂಭವಾದ ಮೇಲೆ ಇಲ್ಲಿಯದೇ ಮಷಿನ್ ಸಿಗತೊಡಗಿತು. ಕಂತಾಗಲಿ ಎಕ್ಸ್‌ಚೇಂಜ್ ಆಗಲಿ, ತಿಂಗಳ ಮೊತ್ತ ನೋಡಿ ಒಪ್ಪದೆ ಒಟ್ಟು ಎಷ್ಟು ಕೊಡುತ್ತೇವೆ ಎಂದು ಕೂಡಿಸಿ ನೋಡಬೇಕು.

ಅಬ್ಬಾ ಬಡ್ಡಿಯ ವ್ಯವಹಾರ ಬೇಡ ಎಂದರು. ಅಂಗಡಿಯವರಲ್ಲಿ ಮಾತಾಡಿ, ಬೆಲೆ ಹೆಚ್ಚಿಸದೆ ₹3,000 ಈಗ, ಉಳಿದ ₹3,000 ಹಬ್ಬ ಕಳೆದ ಮೇಲೆ ಎಂದು ಒಪ್ಪಿಸಿದರು. ಮೊದಲ ಭಾಗ ಹಬ್ಬದ ಬಟ್ಟೆಗಳ ಮುಂಗಡದಿಂದ ಬಂತು. ಹಳೆಯ ಮೋಟಾರ್ ಹೊಸ ಹೆಡ್‌ಗೆ ಕೂತಿತು.

ಪ್ರೀತಿಯ ಬಾಬ್ತು

ಒಂದು ವಿಷಯ ಉಳಿದಿದೆ. ನಾನಿ ಕೊಡಿಸಿದ ಹೆಡ್ ಅನ್ನು ₹400ಕ್ಕೆ ಕೊಡಲು ಅಮ್ಮಿ ಒಪ್ಪಲಿಲ್ಲ. ನಾನಿ ಈಗ ಇಲ್ಲ. ಲೆಕ್ಕದಲ್ಲಿ ಇದನ್ನು ಹೇಗೆ ಬರೆಯುವುದು? ಬರೆಯಬಹುದು. ಅದನ್ನು ಇಟ್ಟುಕೊಂಡದ್ದಕ್ಕೆ ನಾವು ಕೊಟ್ಟ ಬೆಲೆ ₹400. ಎರಡನೆಯ ಭಾಗ ₹3,000ರ ಬದಲು ₹3,400 ಆಯಿತು. 12 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು ₹33. ನೆನಪಿಗಾಗಿ ಅಷ್ಟು ಕೊಡಬಹುದು ಎಂದು ಎಲ್ಲರೂ ಒಪ್ಪಿದೆವು. ನೆನಪಿಗಾಗಿ ಹಳೆಯ ಮಷಿನ್‌ನಲ್ಲೇ ದುಡಿಯುತ್ತಾ ಹೋಗಿದ್ದರೆ ಅದರ ಬೆಲೆ ವರ್ಷಕ್ಕೆ ₹1,500 ಆಗುತ್ತಿತ್ತು. ಪ್ರೀತಿಯನ್ನು ಬೇರೆ ಸಾಲಿನಲ್ಲಿ ಬರೆದಾಗ ಎರಡೂ ಸ್ಪಷ್ಟವಾಗಿ ಕಂಡವು.

ಅಭ್ಯಾಸಕ್ಕೆ

ನಿಮ್ಮ ಮನೆಯ ಗ್ರೈಂಡರ್, ಅಬ್ಬಾನ ಸ್ಕೂಟರ್ ಅಥವಾ ಅಂಗಡಿಯ ಜೆರಾಕ್ಸ್ ಯಂತ್ರವನ್ನು ತೆಗೆದುಕೊಳ್ಳಿ. ಹಿಂದೆ ಹಾಕಿದ ಹಣವನ್ನು ಬದಿಗಿಡಿ. ರಿಪೇರಿ, ಬದಲಿ, ಅರ್ಧ ಬದಲಿ, ಈ ಮೂರು ದಾರಿಗಳಿಗೆ ಮುಂದಿನ ಒಂದು ವರ್ಷದ ವೆಚ್ಚ ಬರೆಯಿರಿ. ಅದು ನಿಂತ ದಿನ ನಿಮ್ಮ ಮನೆಗೆ ಎಷ್ಟು ನಷ್ಟ ಎಂಬುದನ್ನು ದುಡಿಯುವವರನ್ನೇ ಕೇಳಿ ಬರೆಯಿರಿ. ಆ ಸಂಖ್ಯೆ ಅವರಿಗೆ ಮಾತ್ರ ಗೊತ್ತಿರುತ್ತದೆ.