ಹೆಣ್ಣುಮಕ್ಕಳ ವಿದ್ಯೆಯೂ ಶರಣಧರ್ಮವೂ

ವೀರಶೈವ ಧರ್ಮದಲ್ಲಿ ಲಿಂಗದೀಕ್ಷೆಗೆ ಸ್ತ್ರೀಪುರುಷಭೇದವಿಲ್ಲ. ಶ್ರೀಗುರುವು ಕರಸ್ಥಲಕ್ಕೆ ಅನುಗ್ರಹಿಸುವ ಇಷ್ಟಲಿಂಗವು ಇಬ್ಬರಿಗೂ ಸಮಾನವಾದುದು. ಹೆಣ್ತನ ಗಂಡುತನಗಳು ಶರೀರಕ್ಕೆ ಸೇರಿದವೇ ಹೊರತು ಆತ್ಮಕ್ಕಲ್ಲವೆಂಬುದು ಜೇಡರ ದಾಸಿಮಯ್ಯನವರ ಬೋಧೆ. ಅಕ್ಕಮಹಾದೇವಿ, ಸತ್ಯಕ್ಕ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಶರಣೆಯರು 12ನೆಯ ಶತಮಾನದಲ್ಲಿಯೇ ವಚನಗಳನ್ನು ರಚಿಸಿದರು. ಆದುದರಿಂದ ಲಿಂಗಕ್ಕೆ ಅರ್ಹಳಾದವಳು ವಿದ್ಯೆಗೆ ಅನರ್ಹಳೆಂಬ ಮಾತು ಯುಕ್ತಿಗೂ ನಿಲ್ಲದು, ಆಚಾರಕ್ಕೂ ಒಪ್ಪದು.

ಇನ್ನು ದೇಶದ ಶಾಸನವನ್ನು ನೋಡೋಣ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಮಾತ್ರವೇ ರಾಜ್ಯವು ಪ್ರಜೆಗಳಲ್ಲಿ ಭೇದವೆಣಿಸಬಾರದೆಂದು ವಿಧಿಸಿದೆ. ಇಲ್ಲಿ ಲಿಂಗವೆಂದರೆ ಸ್ತ್ರೀತ್ವ ಪುರುಷತ್ವಗಳೆಂದು ಅರ್ಥ. ಸ್ತ್ರೀಯರಿಗಾಗಿ ವಿಶೇಷ ಅನುಕೂಲಗಳನ್ನು ಕಲ್ಪಿಸಲು ಅದೇ ವಿಧಿಯು ಅವಕಾಶವನ್ನೂ ಕೊಟ್ಟಿದೆ.

ಆದರೂ ವಿಧಿಯು ಬರೆದ ಮಾತ್ರಕ್ಕೆ ಬಾಗಿಲು ತೆರೆಯಲಿಲ್ಲ. 1950ರ ದಶಕದ ಆರಂಭದಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿಗೆ ಸೇರಬಯಸಿದ ಒಬ್ಬ ಕನ್ಯೆಗೆ ಪ್ರವೇಶ ದೊರೆಯಲಿಲ್ಲ. ಆಗ ಉಡುಪಿಯು ಮದರಾಸು ರಾಜ್ಯಕ್ಕೆ ಸೇರಿತ್ತು. ಅನುಮತಿಯಿಲ್ಲದೆ ವಿದ್ಯಾರ್ಥಿನಿಯರನ್ನು ಸೇರಿಸಕೂಡದೆಂದು ಮದರಾಸು ವಿಶ್ವವಿದ್ಯಾನಿಲಯವು ಆಜ್ಞಾಪಿಸಿತ್ತು. ಆಕೆ ನ್ಯಾಯಾಲಯದ ಮೊರೆಹೊಕ್ಕಳು. ಮೊದಲು ತೀರ್ಪು ಆಕೆಯ ಪರವಾಯಿತು; ಮೇಲ್ಮನವಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಪೀಠವು ಅದನ್ನು ರದ್ದುಗೊಳಿಸಿತು. ವಿಶ್ವವಿದ್ಯಾನಿಲಯವು 'ರಾಜ್ಯ'ವೆಂಬ ಪದದಲ್ಲಿ ಅಡಗದು. ವಿದ್ಯಾಲಯಪ್ರವೇಶವನ್ನು ಕುರಿತ 29ನೆಯ ವಿಧಿಯಲ್ಲಿ 'ಲಿಂಗ' ಎಂಬ ಪದವೇ ಇಲ್ಲ. ನಿರ್ಬಂಧವು ಹೆಣ್ಣೆಂಬ ಕಾರಣಕ್ಕಲ್ಲ, ಸ್ತ್ರೀಯರಿಗೆ ತಕ್ಕ ಸೌಕರ್ಯಗಳು ಬೇಕೆಂಬ ಕಾರಣಕ್ಕೆ ಎಂಬುದು ಪೀಠದ ನಿರ್ಣಯ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. 'ನೀನು ಹೆಣ್ಣು, ಬರಬೇಡ' ಎಂದು ಯಾರೂ ಹೇಳಲಿಲ್ಲ. 'ಅನುಕೂಲವಿಲ್ಲ' ಎಂದರು. ಕೊರತೆ ಕಾಲೇಜಿನದು, ನಷ್ಟ ಕನ್ಯೆಯದು. ಮುಂದಿನ ಶಾಸನವು ಈ ನ್ಯಾಯವನ್ನು ತಿರುಗಿಸಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಮಕ್ಕಳೆಲ್ಲರಿಗೂ ಕಡ್ಡಾಯ ಉಚಿತ ಶಿಕ್ಷಣವನ್ನು ವಿಧಿಸಿ, ಬಾಲಕಿಯರಿಗೆ ಪ್ರತ್ಯೇಕ ಶೌಚಾಲಯವಿರಬೇಕೆಂದು ಶಾಲೆಯನ್ನೇ ಹೊಣೆಮಾಡಿತು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯು 18 ತುಂಬದ ಕನ್ಯೆಯ ವಿವಾಹವನ್ನು ನಿಷೇಧಿಸಿತು.

ಆದರೆ 14 ಕಳೆದ ಮೇಲೆ ಬಾಗಿಲ ಕೀಲಿಯು ಮನೆಯ ಯಜಮಾನನ ಕೈಯಲ್ಲಿರುತ್ತದೆ. ಶಿವಗಂಗೆಯ ತಪ್ಪಲಿನ ಹಳ್ಳಿಯ ಹುಡುಗಿ ಮುಂದೆ ಓದಬೇಕಾದರೆ ನೆಲಮಂಗಲಕ್ಕೋ ತುಮಕೂರಿಗೋ ಹೋಗಿಬರಬೇಕು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯು ಬಸ್ಸಿನ ವೆಚ್ಚವೆಂಬ ನೆಪವನ್ನೂ ಕಳೆಯಿತು. ಆದರೂ ಮಗನ ಶುಲ್ಕಕ್ಕೆ ಸಾಲ ಮಾಡುವ ತಂದೆ ಮಗಳಿಗೆ 'ಅನುಕೂಲವಿಲ್ಲವಮ್ಮ' ಎಂದರೆ, ಉಡುಪಿಯ ಆ ಬಾಗಿಲು ಮತ್ತೆ ಮುಚ್ಚಿದಂತೆಯೇ ಸರಿ. ಅದನ್ನು ಪ್ರಶ್ನಿಸುವ ನ್ಯಾಯಾಲಯವಿಲ್ಲ, ಅಂತಃಸಾಕ್ಷಿಯೊಂದೇ ಉಂಟು.

ಇನ್ನೊಂದು ಮಾತು. ಲಿಂಗಧಾರಿಗೆ ರಜಸ್ಸೂತಕವಿಲ್ಲವೆಂಬುದು ನಮ್ಮ ಧರ್ಮದ ದೃಢನಿಶ್ಚಯ. ಆ ದಿನಗಳಲ್ಲಿಯೂ ಲಿಂಗಪೂಜೆಗೆ ಅಡ್ಡಿಯಿಲ್ಲ. ಹೀಗಿರಲು, ಪೂಜೆಗೆ ಬಾರದ ಸೂತಕವು ಪಾಠಶಾಲೆಗೆ ಹೇಗೆ ಬಂದೀತು? ಮೈಯಲ್ಲಿ ನೋವಿದ್ದರೆ ಮಗಳು ವಿಶ್ರಮಿಸಲಿ. ಮೈಲಿಗೆಯೆಂದು ಅವಳನ್ನು ಮನೆಯಲ್ಲಿ ಕೂರಿಸುವುದು ಭಕ್ತರ ಲಕ್ಷಣವಲ್ಲ.

ಸದ್ಭಕ್ತರು ಮಗಳ ಕೊರಳಿಗೆ ಲಿಂಗವನ್ನು ಕಟ್ಟಿಸಿದಂದೇ ಅವಳು ಮಗನಿಗೆ ಸಮಳೆಂದು ಒಪ್ಪಿದ್ದಾರೆ. ಕೈಗೆ ಪುಸ್ತಕವನ್ನು ಕೊಡುವುದು ಆ ಒಪ್ಪಿಗೆಯನ್ನು ನಡೆಸಿಕೊಡುವುದೇ ಆಗಿದೆ.